ಕರೆಯದೆ ಬಿಟ್ಟ ಬೀದಿ

ಬಿರ್ ಲೂಜ್‌ನಲ್ಲಿ ಮದುವೆಗೆ ಕಾರ್ಡು ಕಳಿಸಿದರೆ ಕಾರ್ಡನ್ನು ಟೀವಿಯ ಪಕ್ಕ ಚಂದವಾಗಿ ನಿಲ್ಲಿಸುತ್ತಾರೆ, ಮದುವೆಗೆ ಮಾತ್ರ ಹೋಗುವುದಿಲ್ಲ. ಫೋನು ಮಾಡಿದರಂತೂ ಕೇಳುವುದೇ ಬೇಡ. "ನಾವೇನು ಕೋಳಿ ಅಂಗಡಿಯವರಾ, ಫೋನಲ್ಲಿ ಕರೆಯೋಕೆ?" ಎಂದು ಆರು ತಿಂಗಳು ಮುಖ ತಿರುಗಿಸಿಕೊಂಡು ಓಡಾಡುತ್ತಾರೆ. ಆ ಊರಿನ ಹೆಂಗಸರು ಹೊಸಿಲು ದಾಟಿ ಮದುವೆಮನೆಗೆ ಬರಬೇಕಾದರೆ ಶಾದ್ಲಿಯಾ ಹೋಗಿ ಬಾಗಿಲು ಬಡಿದು ಕರೆದಿರಬೇಕು. ಅವಳ ಅಮ್ಮ ಮಾಡಿದ್ದೂ ಇದೇ ಕೆಲಸ, ಅಜ್ಜಿ ಮಾಡಿದ್ದೂ ಇದೇ. ಟ್ಯುನೀಷಿಯಾದ ದೊಡ್ಡ ಊರುಗಳಲ್ಲಿ ಈ ಕಸುಬು ಯಾವತ್ತೋ ಸತ್ತುಹೋಗಿತ್ತು. ಬಾದಾಮಿ ತೋಟಗಳ ನಡುವಿನ ಈ ಒಣ ಊರಿನಲ್ಲಿ ಮಾತ್ರ ಅದು ಶಾದ್ಲಿಯಾಳ ಗಂಟಲಲ್ಲಿ ಇನ್ನೂ ಉಳಿದುಕೊಂಡಿತ್ತು.

ಗಂಟಲೆಂದರೆ ಅಂಥಿಂಥ ಗಂಟಲಲ್ಲ. ಅಂಗೈಯಿಂದ ಬಾಗಿಲಿಗೆ ಎರಡು ಬಾರಿಸಿ, "ಏ ಮನ್ನೂಬಿಯಾ! ಬದುಕಿದ್ದೀಯೋ ಇಲ್ವೋ? ಶನಿವಾರ ಕಮ್ಮಾರರ ಮನೆ ಹುಡುಗಿ ಮದುವೆ. ಮಂಡಿನೋವು ಗಿಂಡಿನೋವು ಅಂದ್ರೆ ನಾನು ಕೇಳಲ್ಲ, ಕುಂಟ್ಕೊಂಡಾದ್ರೂ ಬಾ!" ಎಂದು ಕೂಗಿದರೆ ಮೂರನೆಯ ಬೀದಿಯ ನಾಯಿ ಎದ್ದು ಕೂರುತ್ತಿತ್ತು. ಒಳಗಿಂದ ಬರುವ ಉತ್ತರ ಒಂದೇ: "ಇನ್ಶಾಲ್ಲಾ, ಬರ್ತೀವಿ." ಕರೆಯಲು ಬಂದವಳಿಗೆ ಬಾಗಿಲಲ್ಲಿ ಇಲ್ಲ ಎನ್ನುವಂತಿಲ್ಲ, ಅದು ಅಲ್ಲಿನ ಪದ್ಧತಿ. ಮನೆಯಲ್ಲಿ ಸಾವಾಗಿರಲಿ, ಜಗಳವಿರಲಿ, ಮೈಯಲ್ಲಿ ಜ್ವರವಿರಲಿ, ಬರ್ತೀವಿ ಎನ್ನಲೇಬೇಕು. ಹಾಗೆಯೇ ಕರೆಯುವವಳಿಗೂ ಒಂದು ಪದ್ಧತಿ: ಒಂದು ಮನೆಯನ್ನೂ ಬಿಡುವಂತಿಲ್ಲ. ಯಾರ ಮದುವೆ, ಅವರಿಗೂ ಇವರಿಗೂ ಆಗಿಬರುತ್ತದೋ ಇಲ್ಲವೋ, ಅವೆಲ್ಲ ಅವಳಿಗೆ ಸಂಬಂಧವಿಲ್ಲದ ಮಾತು. ಬಿಟ್ಟರೆ ಅದು ಆ ಮನೆಯ ಮುಖಕ್ಕೆ ಉಗಿದ ಹಾಗೆ.

ಆದರೂ ಶಾದ್ಲಿಯಾ ಒಂದು ಬೀದಿಯನ್ನು ಬಿಟ್ಟಿದ್ದಳು. ಒಣಹಳ್ಳದಾಚೆ, ಕಸಾಯಿಖಾನೆಯ ಹಿಂದೆ ಹೋಗುವ ಉದ್ದನೆಯ ಬೀದಿ. ಮೂರು ವರ್ಷದಿಂದ ಅವಳ ಕಾಲು ಆ ಕಡೆ ತಿರುಗಿರಲಿಲ್ಲ.

ಮೂರು ವರ್ಷದ ಹಿಂದೆ ಅವಳ ಒಬ್ಬಳೇ ಮಗಳು ವಸೀಲಾ ಕೂಲಿಗೆ ಹೋಗುತ್ತಿದ್ದ ಗಾಡಿ ಸೇತುವೆಯಿಂದ ಉರುಳಿತ್ತು. ಹಾಜಿ ಅಮಾರನ ತೋಟಕ್ಕೆ ಹೆಂಗಸರನ್ನು ಸಾಗಿಸುವ ಪಿಕಪ್ಪು ಅದು. ಕೂರಲು ಜಾಗವಿಲ್ಲದೆ ಎಲ್ಲರೂ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತೇ ಹೋಗುವುದು. ಕುರಿಗಳನ್ನಾದರೆ ಹಾಗೆ ತುಂಬುವುದಿಲ್ಲ, ಕಾಲು ಮುರಿದರೆ ನಷ್ಟ ಎಂದು ಹೆದರುತ್ತಾರೆ. ಐದು ಜನ ಸತ್ತರು. ವಸೀಲಾಳಿಗೆ ಮದುವೆ ಗೊತ್ತಾಗಿತ್ತು. ಊರನ್ನೆಲ್ಲ ಮದುವೆಗೆ ಕರೆದವಳು ತನ್ನ ಮಗಳ ಮದುವೆಗೆ ಕರೆಯುವ ದಿನ ಹೇಗಿರುತ್ತದೆ, ಯಾವ ಬೀದಿಯಿಂದ ಶುರು ಮಾಡುವುದು ಎಂದು ಶಾದ್ಲಿಯಾ ಯೋಚಿಸಿಟ್ಟುಕೊಂಡಿದ್ದಳು. ಸಾವಿಗೆ ಯಾರನ್ನೂ ಕರೆಯಬೇಕಾಗಲಿಲ್ಲ, ಊರೇ ಬಂತು.

ಗಾಡಿ ಓಡಿಸುತ್ತಿದ್ದವನು ಹಳ್ಳದಾಚೆ ಬೀದಿಯ ಮೂಲ್ದಿ. ಅವನು ಕಾಲು ಮುರಿದುಕೊಂಡು ಬದುಕಿದ. ಜೈಲಿಗೆ ಹೋದ, ಬಂದ. ಹಾಜಿ ಅಮಾರ ಸಾವಿನ ಮನೆಗೆ ಬಂದು ಕಣ್ಣೊರೆಸಿಕೊಂಡ, ಸಾವಿನ ನಲವತ್ತನೆಯ ದಿನದ ಊಟಕ್ಕೆ ಕುರಿ ಕಳಿಸಿದ. ಮೂಲ್ದಿಯ ಮನೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಬಂದಿದ್ದರೆ ಶಾದ್ಲಿಯಾ ಸೌದೆ ತೆಗೆದುಕೊಂಡು ಓಡಿಸುತ್ತಿದ್ದಳು, ಅದು ಬೇರೆ ಮಾತು. ಅಂದಿನಿಂದ ಅವಳ ಸಿಟ್ಟೆಲ್ಲ ಆ ಬೀದಿಯ ಮೇಲೆಯೇ. ಮದುವೆಯವರು ಮೊದಮೊದಲು "ಹಳ್ಳದಾಚೆಯವರು?" ಎಂದು ಮೆಲ್ಲಗೆ ಕೇಳುತ್ತಿದ್ದರು. ಅವಳು ನೆಲಕ್ಕೆ ಉಗಿಯುತ್ತಿದ್ದಳು. ಆಮೇಲಾಮೇಲೆ ಕೇಳುವುದನ್ನೂ ಬಿಟ್ಟರು. ನೂರು ತಟ್ಟೆ ಉಳಿಯಿತಲ್ಲ ಎಂದು ಒಳಗೊಳಗೇ ಸುಖಪಟ್ಟವರೂ ಇದ್ದರು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಊರಲ್ಲಿ ಅಡುಗೆಯೆಣ್ಣೆ ಸಿಗುತ್ತಿರಲಿಲ್ಲ, ಸಕ್ಕರೆಗೆ ಸಾಲು, ಹಾಲಿಗೆ ಸಾಲು. ಇಂಥ ಹೊತ್ತಿನಲ್ಲಿ ಹಾಜಿ ಅಮಾರ ಶಾದ್ಲಿಯಾಳಿಗೆ ಹೇಳಿಕಳಿಸಿದ.

"ಶಾದ್ಲಿಯಾ, ಗಂಟಲು ಇನ್ನೂ ಇದೆಯೇನಮ್ಮಾ?"

"ಗಂಟಲಿಗೇನು ಹಾಜಿ, ಹೊಟ್ಟೆ ಒಣಗಿದಷ್ಟೂ ಜೋರಾಗತ್ತೆ."

ಹಾಜಿ ನಕ್ಕ. ಊರ ಸಭಾಭವನದಲ್ಲಿ ತಲೆಗೊಂದು ಚೀಲ ಕೊಡುವುದಿತ್ತಂತೆ: ರವೆ, ಎಣ್ಣೆ, ಸಕ್ಕರೆ. ಗಂಡಸರು ಬೇಡ, ಹೆಂಗಸರೇ ಬರಬೇಕು, ಗುರುತಿನ ಚೀಟಿ ತರಬೇಕು. "ನಮ್ಮ ಹುಡುಗ ಚುನಾವಣೆಗೆ ನಿಲ್ತಿದಾನಲ್ಲಾ, ಅವನ ಕಾಗದಕ್ಕೆ ಒಂದೊಂದು ಸಹಿ ಹಾಕ್ಬಿಟ್ಟು ಚೀಲ ತಗೊಂಡು ಹೋದ್ರಾಯ್ತು," ಎಂದ. ಆ ಸಲ ಕಾನೂನು ಹಾಗಿತ್ತು. ಸಂಸತ್ತಿನ ಚುನಾವಣೆಗೆ ನಿಲ್ಲುವವನಿಗೆ ನಾನೂರು ಜನ ಸಹಿ ಹಾಕಿ ಸೂಚಿಸಬೇಕು, ಅದರಲ್ಲಿ ಅರ್ಧ ಹೆಂಗಸರಿರಬೇಕು, ಪುರಸಭೆಯ ಗುಮಾಸ್ತ ಎದುರಿಗೇ ಸಹಿ ಹಾಕಿಸಿ ಮೊಹರು ಒತ್ತಬೇಕು.

ಶಾದ್ಲಿಯಾ ಮರುಮಾತಾಡದೆ ಹೊರಟಳು. ಯಾಕೆ, ಏನು, ಎತ್ತ ಎಂದು ಕೇಳುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಎರಡು ದಿನ ಸುತ್ತಿದಳು. ಹಳ್ಳದಾಚೆ ಬೀದಿಯೊಂದನ್ನು ಬಿಟ್ಟು ಒಂದು ಬಾಗಿಲನ್ನೂ ಬಿಡಲಿಲ್ಲ. ಮದುವೆಗಳೇ ಕಡಿಮೆಯಾಗಿದ್ದ ಕಾಲ, ಬಹಳ ದಿನದ ಮೇಲೆ ಕೂಗಿ ಕೂಗಿ ಅವಳಿಗೆ ಮೈಯಲ್ಲಿ ರಕ್ತ ಓಡಿದಂತಾಗಿತ್ತು. ಹೆಂಗಸರು ನೊಣ ಮುತ್ತಿದ ಹಾಗೆ ಮುತ್ತಿಕೊಂಡು ಬಂದರು. ಗುಮಾಸ್ತ ಮೇಜು ಹಾಕಿಕೊಂಡು ಕೂತಿದ್ದ. ಚೀಟಿ ತೋರಿಸು, ಸಹಿ ಹಾಕು, ಚೀಲ ತಗೋ. ಶಾದ್ಲಿಯಾಳೂ ಹಾಕಿದಳು.

ಒಂದು ವಾರ ಕಳೆದಿರಬೇಕು, ದಲೀಲಾ ಬಂದಳು.

ದಲೀಲಾ ಆ ದಿನ ಅದೇ ಗಾಡಿಯಲ್ಲಿ ವಸೀಲಾಳ ಪಕ್ಕ ನಿಂತಿದ್ದವಳು. ಅವಳ ಎಡಗೈಯ ಎರಡು ಬೆರಳು ಅಂದಿನಿಂದ ಮಡಚುವುದಿಲ್ಲ. ಮೊದಲು ಮಾತೇ ಆಡದ ಹುಡುಗಿ, ಗಾಡಿ ಉರುಳಿದ ಮೇಲೆ ಎಲ್ಲಿ ನಾಲ್ಕು ಕೂಲಿ ಹೆಂಗಸರು ಸೇರಿದರೂ ಎದ್ದುನಿಂತು ಮಾತಾಡುವವಳಾಗಿದ್ದಳು. ಅಂಗಳದಲ್ಲಿ ಕೂತು, ಶಾದ್ಲಿಯಾ ಕುದಿಸಿ ಕುದಿಸಿ ಕರ್ರಗೆ ಮಾಡಿದ ಚಹಾ ಕುಡಿಯುತ್ತ, "ನಾನು ಚುನಾವಣೆಗೆ ನಿಲ್ತೀನಿ ಚಿಕ್ಕಮ್ಮ," ಎಂದಳು.

ಶಾದ್ಲಿಯಾ ಬಿದ್ದು ಬಿದ್ದು ನಕ್ಕಳು. "ಹಾಜಿ ಮಗನ ಎದುರಿಗಾ? ಅವನ ಕಾರಿನ ಧೂಳು ಕುಡಿದು ಬೆಳೆದೋಳು ನೀನು! ನಿಂಗೆ ನೀನೇ ಓಟು ಹಾಕ್ಕೊಂಡ್ರೂ ಎರಡನೇದು ಸಿಗಲ್ಲ ಕಣೇ."

"ಗೆಲ್ಲಲ್ಲ ಅಂತ ನಂಗೂ ಗೊತ್ತು."

"ಮತ್ತೆ ಯಾಕೆ ಈ ಹುಚ್ಚು?"

"ಹೆಸರು ಪಟ್ಟಿಗೆ ಬಂದ್ರೆ ಸಾಕು. ನಿಂತೋರಿಗೆಲ್ಲ ರೇಡಿಯೋದಲ್ಲಿ ಮೂರು ನಿಮಿಷ ಮಾತಾಡೋಕೆ ಬಿಡ್ತಾರೆ ಚಿಕ್ಕಮ್ಮ. ಇಡೀ ದೇಶ ಕೇಳತ್ತೆ. ನಾನು ಆ ಮೂರು ನಿಮಿಷದಲ್ಲಿ ಗಾಡಿ ವಿಷಯ ಹೇಳ್ತೀನಿ. ಸತ್ತ ಐದು ಜನರ ಹೆಸರು ಹೇಳ್ತೀನಿ. ಅವತ್ತು ಪೇಪರಲ್ಲಿ ಐವರು ಕೂಲಿ ಹೆಂಗಸರು ಅಂತ ಹಾಕಿದ್ರು, ಅಷ್ಟೇ. ವಸೀಲಾ ಹೆಸರು ಮೊದಲು ಹೇಳ್ತೀನಿ."

ಶಾದ್ಲಿಯಾಳ ನಗು ನಿಂತಿತು. ಮೂರು ವರ್ಷದಲ್ಲಿ ಯಾರೂ ಅವಳೆದುರು ಆ ಹೆಸರು ಎತ್ತಿರಲಿಲ್ಲ. ನೋವಾಗುತ್ತದೆ ಎಂದು ಎಲ್ಲರೂ ಬಾಯಿ ಕಟ್ಟಿಕೊಂಡಿದ್ದರು. ಅವಳಿಗೆ ಬೇಕಾಗಿದ್ದದ್ದೋ ಆ ಹೆಸರು ಕೇಳುವುದೇ. ಬಾಯಿ ಬಿಟ್ಟು ಕೇಳುವುದಾದರೂ ಹೇಗೆ? ರೇಡಿಯೋದಲ್ಲಿ, ಇಡೀ ದೇಶಕ್ಕೆ ಕೇಳುವ ಹಾಗೆ ತನ್ನ ಮಗಳ ಹೆಸರು.

"ಎಷ್ಟು ಸಹಿ ಬೇಕು ನಿಂಗೆ?"

"ಗಂಡಸರದು ಆಗೋಯ್ತು. ಎಣ್ಣೆ ಗಾಣದೋರು, ಇಬ್ಬರು ಮೇಷ್ಟ್ರು, ಕೆಲಸ ಇಲ್ಲದೆ ಕಾಫಿ ಅಂಗಡೀಲಿ ಕೂರೋರು, ಹಾಜಿನ ಕಂಡ್ರಾಗದೋರು, ಎಲ್ಲ ಹಾಕಿದ್ರು. ಹೆಂಗಸರದ್ದೇ ಕಷ್ಟ. ಇನ್ನೂರು ಬೇಕು. ಬಾಗಿಲು ಬಡಿದ್ರೆ ಗಂಡ ಬರ್ತಾನೆ."

"ಇನ್ನೂರಾ? ಥೂ, ಇನ್ನೂರಕ್ಕೆ ನನ್ನ ಹತ್ರ ಬಂದ್ಯಾ? ಮುನ್ನೂರು ಜನನ್ನ ತಂದು ನಿಲ್ಲಿಸ್ತೀನಿ, ಆ ಗುಮಾಸ್ತನ ಕೈ ಬಿದ್ದೋಗ್ಬೇಕು ಮೊಹರು ಒತ್ತಿ ಒತ್ತಿ!"

ಹಾಜಿಯ ಮಗನಿಗೆ ಸಹಿ ಹಾಕಿದ್ದು ಅವಳ ನೆನಪಿನಲ್ಲಿತ್ತು. ಅದು ಅಡ್ಡಿಯಾಗುತ್ತದೆ ಎಂದು ಮಾತ್ರ ತಲೆಗೆ ಹೊಳೆಯಲೇ ಇಲ್ಲ. ಅವಳು ಕಂಡದ್ದು ಮದುವೆಗಳನ್ನು. ಒಂದೇ ರಾತ್ರಿ ಎರಡು ಮನೆಯಲ್ಲಿ ಮದುವೆಯಿದ್ದರೆ ಊರ ಹೆಂಗಸರು ಒಂದರಲ್ಲಿ ಉಂಡು ಇನ್ನೊಂದರಲ್ಲಿ ಕುಣಿದು ಬರುತ್ತಾರೆ. ಒಂದು ಮನೆಗೆ ಹೋದಿರಿ, ಇನ್ನೊಂದಕ್ಕೆ ಬರಬೇಡಿ ಎನ್ನುವ ಮದುವೆಯನ್ನು ಅವಳು ಹುಟ್ಟಿದಾರಭ್ಯ ಕಂಡವಳಲ್ಲ. ದಲೀಲಾಳೂ ಕೇಳಲಿಲ್ಲ. ಹಾಜಿಯವರು ಲೆಕ್ಕಕ್ಕೆ ಬೇಕಾದ ಇನ್ನೂರು ಜನರದ್ದು ಹಾಕಿಸಿಕೊಂಡು ಸುಮ್ಮನಾಗಿರಬೇಕು ಎಂದುಕೊಂಡಿದ್ದಳು ಅವಳು.

ಶಾದ್ಲಿಯಾ ಮತ್ತೆ ಊರು ಸುತ್ತಿದಳು. ಈ ಸಲ ಚೀಲವಿಲ್ಲ, ಎಣ್ಣೆಯಿಲ್ಲ. "ನನ್ನ ಮಗಳಿಗೋಸ್ಕರ ಬನ್ನಿ," ಎಂದಳು. ಬದುಕಿನಲ್ಲಿ ಮೊದಲ ಸಲ ಅವಳು ತನ್ನ ಮನೆಯ ಕೆಲಸಕ್ಕೆ ಕರೆಯುತ್ತಿದ್ದಳು. ಇನ್ಶಾಲ್ಲಾ ಬರ್ತೀವಿ ಎಂದವರು ಕೆಲವರು ಕಣ್ಣೀರು ಹಾಕಿಕೊಂಡರು. ಮನ್ನೂಬಿಯಾ ಮುದುಕಿ ಅವಳ ತಲೆ ಹಿಡಿದು ಮುತ್ತಿಟ್ಟಳು.

ಬಂದರು. ನಿಜವಾಗಿಯೂ ಬಂದರು, ಅದೇ ಸಂಕಟ. ಪುರಸಭೆಯ ಮೆಟ್ಟಿಲ ತುಂಬ ಹೆಂಗಸರು, ಕಂಕುಳಲ್ಲಿ ಮಕ್ಕಳು, ಗದ್ದಲವೋ ಗದ್ದಲ. ದಲೀಲಾ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈ ಹಿಡಿದು ಮಾತಾಡಿಸುತ್ತಿದ್ದಳು. ಮೊದಲು ಹೋದದ್ದು ಮನ್ನೂಬಿಯಾ. ಗುಮಾಸ್ತ ಚೀಟಿ ನೋಡಿದ, ರಿಜಿಸ್ಟರು ತಿರುವಿದ, ಚೀಟಿ ವಾಪಸು ಚಾಚಿದ.

"ನಿಂದು ಆಗಿದೆ ಅಜ್ಜಿ."

"ಏನಾಗಿದೆ?"

"ಸಹಿ ಆಗಿದೆ. ಹಾಜಿಯವರ ಮಗನಿಗೆ ಕೊಟ್ಟಿದ್ದೀಯಲ್ಲಾ. ಒಬ್ಬರು ಒಬ್ಬರಿಗೇ ಕೊಡಬಹುದು. ಮುಂದೆ ಯಾರು?"

ಮುಂದಿನವಳದೂ ಆಗಿತ್ತು. ಅವಳ ಹಿಂದಿನವಳದೂ ಆಗಿತ್ತು. ಗುಮಾಸ್ತ ಕೆಟ್ಟವನೇನಲ್ಲ, ಅವನ ಧ್ವನಿ ಬರುಬರುತ್ತ ಸಣ್ಣದಾಯಿತು. ಎಲ್ಲೋ ಹತ್ತರಲ್ಲಿ ಮೂರು ಜನರದು, ಆ ದಿನ ಊರಲ್ಲಿಲ್ಲದವರದು, ಬಾಣಂತಿಯರದು, ಬಾಕಿಯಿತ್ತು. ಉಳಿದವರೆಲ್ಲ ಚೀಟಿ ಹಿಡಿದುಕೊಂಡು ಅಂಗಳದಲ್ಲಿ ನಿಂತರು. ಹಾಜಿಗೆ ಬೇಕಾಗಿದ್ದದ್ದು ಇನ್ನೂರು. ಅವನು ಊರಿನವರೆಲ್ಲರದನ್ನೂ ತೆಗೆದುಕೊಂಡಿದ್ದ. ಬೇರೆ ಯಾರಿಗೂ ಒಂದೂ ಉಳಿಯಬಾರದು ಎಂದೇ ತೆಗೆದುಕೊಂಡಿದ್ದ. ಹಾಳು ಮುದುಕ, ಒಂದು ಚೀಲ ರವೆಗೆ!

"ಅಲ್ಲಾ ಶಾದ್ಲಿಯಾ," ಗುಂಪಿನಿಂದ ಯಾರೋ ಅಂದರು, ಬೈಯುವ ದನಿಯೂ ಅಲ್ಲ, "ಅವತ್ತು ಕರೆದೋಳೂ ನೀನೇ ಅಲ್ವಾ?"

ಶಾದ್ಲಿಯಾ ಗುಂಪಿನ ಕಡೆ ತಿರುಗಿ ಬಾಯಿ ತೆರೆದಳು. ಮೂರನೆಯ ಬೀದಿಗೆ ಕೇಳುವ ಗಂಟಲಿನಿಂದ ಗಾಳಿ ಕೂಡ ಹೊರಡಲಿಲ್ಲ. ತನ್ನ ಮಗಳ ಹೆಸರಿಗೆ ತಾನೇ ಮನೆಮನೆಗೆ ಹೋಗಿ ಮಣ್ಣು ಹಾಕಿ ಬಂದಿದ್ದಳು, ಅದೂ ಖುಷಿಯಿಂದ, ಕೂಗಿಕೊಂಡು.

ಜನ ಚದುರಿದ ಮೇಲೆ ದಲೀಲಾ ಮೆಟ್ಟಿಲ ಮೇಲೆ ಕೂತು ಲೆಕ್ಕ ಮಾಡಿದಳು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇನ್ನೂ ಎಂಬತ್ತು ಬೇಕು ಚಿಕ್ಕಮ್ಮ. ನಾಡಿದ್ದು ಸಂಜೆಗೆ ಕಡೆ. ಎಲ್ಲ ಬೀದಿಯದೂ ಹಾಜಿ ಹತ್ರ ಇದೆ." ಕಾಗದಗಳನ್ನು ಕೈಚೀಲಕ್ಕೆ ಸೇರಿಸಿದಳು. "ಒಂದು ಬೀದಿ ಬಿಟ್ಟು."

ಶಾದ್ಲಿಯಾಳಿಗೆ ಅರ್ಥವಾಯಿತು. ಅವಳು ಕರೆದಿರದ ಬೀದಿ. ಊರಿಗೆಲ್ಲ ಚೀಲ ಸಿಕ್ಕಾಗ ಆ ಬೀದಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಅಲ್ಲಿನ ಹೆಂಗಸರ ಸಹಿ ಒಂದೂ ಖರ್ಚಾಗದೆ ಹಾಗೇ ಉಳಿದಿತ್ತು.

"ನಾನು ಮೊನ್ನೇನೇ ಹೋಗಿ ಕೇಳ್ದೆ," ದಲೀಲಾ ಹೇಳಿದಳು. "ಬಾಗಿಲೇ ತೆಗೀಲಿಲ್ಲ. ಮೂಲ್ದಿ ತಾಯಿ ಬೇಯಾ ಬಂದ್ರೆ ಉಳಿದೋರು ಬರ್ತಾರೆ. ಅವಳು ಬರ್ಬೇಕಾದ್ರೆ..."

"ಬಾಯಿ ಮುಚ್ಚೇ."

"ಆಯ್ತು."

"ಆ ಮನೆ ಹೊಸಿಲು ತುಳಿಯೋ ಬದಲು ನನ್ನ ಕಾಲು ಮುರೀಲಿ!"

"ಆಯ್ತು ಚಿಕ್ಕಮ್ಮ, ನಾನೇನಾದ್ರೂ ಅಂದ್ನಾ?" ದಲೀಲಾ ಎದ್ದು ಹೋದಳು.

ಮರುದಿನ ಮಧ್ಯಾಹ್ನ ಶಾದ್ಲಿಯಾ ಹಳ್ಳ ದಾಟಿದಳು. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು, ದಲೀಲಾಳನ್ನು ಬೈದಳು, ಹಾಜಿಯ ಏಳು ತಲೆಮಾರನ್ನು ಬೈದಳು. ಬೀದಿ ಮೂರು ವರ್ಷದಲ್ಲಿ ಮುದಿಯಾದಂತಿತ್ತು. ಗೋಡೆಗೆ ಸುಣ್ಣ ಕಂಡು ಯಾವ ಕಾಲವಾಗಿತ್ತೋ. ಅಲ್ಲಿನವರು ಮದುವೆ ಮಾಡಿದರೂ ಊರವರು ಹೋಗುತ್ತಿರಲಿಲ್ಲ, ಆದ್ದರಿಂದ ಮದುವೆಗಳೇ ನಿಂತಿದ್ದವು. ಬೇಯಾಳ ಬಾಗಿಲ ಮುಂದೆ ನಿಂತಾಗ ಅಂಗೈ ಮೇಲೇಳಲಿಲ್ಲ. ಕೊನೆಗೆ ಬಡಿದಳು. ಕೂಗಲು ಆಗಲಿಲ್ಲ.

ಬಾಗಿಲು ತೆಗೆದವಳು ಬೇಯಾ. ಇಬ್ಬರೂ ಒಂದೇ ವಯಸ್ಸಿನವರು, ಹುಡುಗಿಯರಾಗಿದ್ದಾಗ ಒಂದೇ ಬಾವಿಯಲ್ಲಿ ನೀರು ಸೇದಿದವರು. ಬೇಯಾ ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ದಾರಿ ತಪ್ಪಿ ಬಂದ್ಯಾ?"

"ಇಲ್ಲ."

"ಹಾಗಾದ್ರೆ ಒಳಗೆ ಬಾ. ಬೀದೀಲಿ ನಿಂತು ಮಾತಾಡೋ ಅಷ್ಟು ಮಾನಗೇಡಿ ಅಲ್ಲ ನಾನು."

ಅಂಗಳದಲ್ಲಿ ಬೇಯಾಳ ಇಬ್ಬರು ಹೆಣ್ಣುಮಕ್ಕಳು ಬಾದಾಮಿ ಸುಲಿಯುತ್ತಿದ್ದರು. ಶಾದ್ಲಿಯಾಳನ್ನು ಕಂಡದ್ದೇ ಎದ್ದು ಒಳಗೆ ಹೋದರು. ಹಿಂದಿನ ಕೋಣೆಯ ಬಾಗಿಲಿಗೆ ಪರದೆ ಇಳಿಬಿದ್ದಿತ್ತು, ಅದರ ಪಕ್ಕದಲ್ಲಿ ಒಂದು ಊರುಗೋಲು ಒರಗಿತ್ತು. ಪರದೆಯ ಹಿಂದೆ ಯಾರೋ ಕೆಮ್ಮಿದರು. ಮೂಲ್ದಿ ಅಲ್ಲೇ ಇದ್ದ.

ಅವಳು ಕೂರದೆ, ನಿಂತಲ್ಲೇ, ಒಂದೇ ಉಸಿರಿಗೆ ಹೇಳಿದಳು. ದಲೀಲಾ, ಚುನಾವಣೆ, ಸಹಿ, ರೇಡಿಯೋ. ಐದು ಹೆಸರು.

ಬೇಯಾ ಕೇಳಿಸಿಕೊಂಡಳು. ಆಮೇಲೆ, "ಸಹಿ ಬೇಕಾಗಿದ್ದಕ್ಕೆ ಬಂದೆ," ಎಂದಳು.

"ಹೂಂ."

"ಬೇಡದೇ ಇದ್ದಿದ್ರೆ ಬರ್ತಿದ್ಯಾ?"

ಸುಳ್ಳು ಹೇಳಬಹುದಿತ್ತು. ಶಾದ್ಲಿಯಾ ಸುಳ್ಳಿಗೆ ಹೆದರುವವಳೇನಲ್ಲ. ಆದರೂ ಆ ಪರದೆಯ ಮುಂದೆ ನಾಲಗೆ ಹೊರಳಲಿಲ್ಲ. "ಇಲ್ಲ," ಎಂದಳು.

"ಇಬ್ಬರನ್ನ ನೋಡಿದ್ಯಲ್ಲಾ, ಒಳಗೆ ಹೋದ್ರಲ್ಲ? ದೊಡ್ಡೋಳಿಗೆ ಇಪ್ಪತ್ತೊಂಬತ್ತು. ಮದುವೆಮನೇಲಿ ಕಾಣದ ಹುಡುಗೀನ ಯಾರು ಬಂದು ಕೇಳ್ತಾರೆ ಶಾದ್ಲಿಯಾ? ಹೆಣ್ಣು ನೋಡೋದೇ ಅಲ್ಲಿ, ಕುಣಿಯೋ ಹೊತ್ತಲ್ಲಿ. ಇಲ್ಲಿ ಮನೆಮನೆಗೂ ಹೀಗೇ ಕೂತಿದ್ದಾವೆ. ಡೋಲಿನ ಸದ್ದು ಹಳ್ಳದಾಚೆಯಿಂದ ಕೇಳತ್ತೆ, ಇವು ಕಿಟಕಿ ಮುಚ್ಕೊಂಡು ಮಲಗ್ತಾವೆ. ಇವು ಗಾಡಿ ಓಡಿಸಿದ್ವಾ? ಪಕ್ಕದ ಮನೆ ಹುಡುಗಿ ಓಡಿಸಿದ್ಲಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲೇ ನಿನ್ನ ನ್ಯಾಯ!"

"ನಿನ್ನ ಮಗ ನನ್ನ ಮಗಳನ್ನ ಕೊಂದ!" ಎಂದಳು ಶಾದ್ಲಿಯಾ. ಗಂಟಲು ಈಗ ಬಂತು, ಪಕ್ಕದ ಮನೆಗಳಿಗೂ ಕೇಳಿತು.

"ಕೊಂದ. ಇಲ್ಲ ಅನ್ನಲ್ಲ. ಬ್ರೇಕು ಹಿಡಿಯಲ್ಲ, ಸರಿ ಮಾಡಿಸಿ ಅಂತ ಹಾಜಿ ಹತ್ರ ಎಷ್ಟು ಸಲ ಹೋದ ಅಂತ ದಲೀಲಾನ ಕೇಳು. ಬೇಡ ಅಂದ್ರೆ ಬಿಡು, ಇನ್ನೊಬ್ಬ ಓಡಿಸ್ತಾನೆ ಅಂದ ಆ ಪುಣ್ಯಾತ್ಮ. ಇವನು ಓಡಿಸ್ದ. ಓಡಿಸಬಾರದಾಗಿತ್ತು. ಜೈಲಿಗೆ ಹೋಗಿ ಬಂದ. ಗಾಡಿ ಯಾರದ್ದೋ ಅವನು ನಿಂಗೆ ಕುರಿ ಕಳಿಸ್ದ, ನೀನು ತಿಂದೆ."

ಆ ಕುರಿಯ ಮಾಂಸವನ್ನು ಶಾದ್ಲಿಯಾ ಊರಿಗೆಲ್ಲ ಬಡಿಸಿದ್ದಳು, ಹಾಜಿಗೆ ದೇವರು ಒಳ್ಳೆಯದು ಮಾಡಲಿ ಎಂದು ಬಾಯ್ತುಂಬ ಹರಸಿದ್ದಳು. ಮೊನ್ನೆ ಅವನಿಗಾಗಿಯೇ ಎರಡು ದಿನ ಕೂಗಿದ್ದಳು. ಬೈಗುಳಕ್ಕೆ ಅವಳು ಎಂದೂ ಸೋತವಳಲ್ಲ. ಆದರೆ ನಿಜಕ್ಕೆ ಏನು ಬೈಯುವುದು? ಪರದೆಯ ಹಿಂದಿನ ಕೆಮ್ಮು ನಿಂತಿತ್ತು, ಅವನೂ ಕೇಳುತ್ತಿದ್ದ.

ಚಿಕ್ಕ ಹುಡುಗಿ ಬಂದು ತಲೆ ತಗ್ಗಿಸಿಕೊಂಡು ಚಹಾ ಇಟ್ಟು ಹೋದಳು. ಶಾದ್ಲಿಯಾ ನೋಡಿದಳು. ಒಳ್ಳೆ ಎತ್ತರದ, ಅಗಲ ಕಣ್ಣಿನ ಹುಡುಗಿ. ಬೇರೆ ಬೀದಿಯಲ್ಲಿದ್ದಿದ್ದರೆ ಎರಡು ವರ್ಷದ ಹಿಂದೆಯೇ ಇವಳ ಮದುವೆಗೆ ತಾನು ಕರೆದಿರುತ್ತಿದ್ದೆ ಎಂದು ಅವಳಿಗೆ ಅನ್ನಿಸಿತು, ಅನ್ನಿಸಬಾರದಿತ್ತು ಎಂದೂ ಅನ್ನಿಸಿತು. ಚಹಾ ಕುಡಿದಳು. ಬಹಳ ಸಿಹಿಯಾಗಿತ್ತು. ಸಕ್ಕರೆಯ ಚೀಲ ಸಿಗದ ಮನೆ ಅದು.

"ತಪ್ಪಾಯ್ತು," ಎಂದಳು. ಯಾವುದು ತಪ್ಪೆಂದು ಹೇಳಲಿಲ್ಲ, ಬೇಯಾ ಕೇಳಲೂ ಇಲ್ಲ. "ನಾಳೆ ಸಂಜೆಯೊಳಗೆ ಪುರಸಭೆ ಹತ್ರ. ಬೀದಿಯೋರನ್ನೆಲ್ಲ ಕರ್ಕೊಂಡು ಬಾ ಬೇಯಾ. ಚೀಟಿ ತರ್ಬೇಕು."

ಬೇಯಾ ಬಾಗಿಲವರೆಗೆ ಬಂದಳು. "ಇನ್ಶಾಲ್ಲಾ, ಬರ್ತೀವಿ," ಎಂದಳು. ಅದನ್ನು ಎಲ್ಲರೂ ಹೇಳುವ ಹಾಗೆಯೇ ಹೇಳಿದಳು. ಬರುವವರ ದನಿ ಯಾವುದು, ಬರದವರ ದನಿ ಯಾವುದು ಎಂದು ನಲವತ್ತು ವರ್ಷದಿಂದ ಹೇಳುತ್ತಿದ್ದ ಶಾದ್ಲಿಯಾಳಿಗೆ ಅಂದು ಏನೂ ತಿಳಿಯಲಿಲ್ಲ.

ಉಳಿದ ಮನೆಗಳಿಗೂ ಹೋದಳು. ಕೆಲವು ಬಾಗಿಲು ತೆರೆದವು, ಕೆಲವು ತೆರೆಯಲಿಲ್ಲ. ಒಂದು ಮನೆಯ ಮುದುಕಿಗೆ ಕಿವಿ ಕೇಳಿಸುತ್ತಿರಲಿಲ್ಲ, ಯಾರ ಮದುವೆ, ಯಾರ ಮದುವೆ ಎಂದು ಮತ್ತೆ ಮತ್ತೆ ಕೇಳಿ ಖುಷಿಪಟ್ಟಳು.

ಕಡೆಯ ದಿನ ಮೋಡ ಕವಿದಿತ್ತು. ಮಳೆ ಬಾರದ ಮೋಡ, ಆ ಸೀಮೆಯಲ್ಲಿ ಅದೇ ಹೆಚ್ಚು. ದಲೀಲಾ ಕಾಗದಗಳನ್ನು ಕೈಚೀಲದಲ್ಲಿಟ್ಟುಕೊಂಡು ಒಳಗೆ ಕೂತಿದ್ದಳು. ಶಾದ್ಲಿಯಾ ಹೊರಗೆ ಮೆಟ್ಟಿಲ ಮೇಲೆ ನಿಂತು ಹಳ್ಳದ ಕಡೆಯ ರಸ್ತೆಯನ್ನು ನೋಡುತ್ತಿದ್ದಳು. ಬೆಳಿಗ್ಗೆ ಯಾರೂ ಬರಲಿಲ್ಲ. ಮಧ್ಯಾಹ್ನದ ನಮಾಜು ಮುಗಿಯಿತು, ಗಂಡಸರು ಮಸೀದಿಯಿಂದ ಹೊರಬಂದು ಅವಳನ್ನು ನೋಡಿಯೂ ನೋಡದಂತೆ ಹೋದರು. ಹಾಜಿಯ ಮಗನ ಕಾರು ಎರಡು ಸಲ ಹಾದುಹೋಯಿತು. ಬರುವ ಗಾಡಿಯ ಧೂಳು ಕಂಡಾಗಲೆಲ್ಲ ಅವಳು ಒಂದು ಮೆಟ್ಟಿಲು ಕೆಳಗಿಳಿದು ನೋಡುತ್ತಿದ್ದಳು.

ಗುಮಾಸ್ತ ಮೇಜಿನ ಸಾಮಾನು ಜೋಡಿಸುವ ಹೊತ್ತಿಗೆ ರಸ್ತೆಯ ಕೊನೆಯಲ್ಲಿ ಒಬ್ಬಳು ಕಾಣಿಸಿದಳು. ಶಾದ್ಲಿಯಾ ಅವಳ ಹಿಂದೆ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

ಬೇಯಾ ಬಂದಳು. ಕೆಂಪು ಅಂಚಿನ ಒಳ್ಳೆಯ ಉಡುಪು ಉಟ್ಟಿದ್ದಳು, ಬೆಳ್ಳಿಯ ಹಳೆಯ ದೊಡ್ಡ ಪಿನ್ನುಗಳನ್ನು ಹೆಗಲಿಗೆ ಚುಚ್ಚಿದ್ದಳು, ಕಣ್ಣಿಗೆ ಸುರುಮಾ ಹಚ್ಚಿಕೊಂಡಿದ್ದಳು. ಮದುವೆಗೆ ಹೋಗುವವರ ಅಲಂಕಾರ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತಳು.

"ಅವರ್ಯಾರೂ ಬರಲ್ಲ," ಎಂದಳು. "ಮೂರು ವರ್ಷ ಕಸ, ಇವತ್ತು ಮನುಷ್ಯರಾ ಅಂತಾರೆ. ನಾನೂ ಹಾಗೇ ಅಂದೆ. ಆದ್ರೂ ಬೆಳಗ್ಗೆಯಿಂದ ಮನೇಲಿ ಕೂರೋಕೆ ಆಗ್ಲಿಲ್ಲ. ಕರೆದಿದ್ದೀಯಲ್ಲ."

ಒಳಗೆ ಹೋಗಿ ಚೀಟಿ ತೋರಿಸಿದಳು. ವಯಸ್ಕರ ಶಾಲೆಯಲ್ಲಿ ಕಲಿತ ಅಕ್ಷರ, ಒಂದೊಂದನ್ನೂ ಒತ್ತಿ ಒತ್ತಿ ಬರೆದಳು. ಗುಮಾಸ್ತ ಮೊಹರು ಒತ್ತಿದ. ದಲೀಲಾ ಎದ್ದು ಬೇಯಾಳ ಕೈ ಹಿಡಿದುಕೊಂಡಳು, ಆಮೇಲೆ ಕೈಚೀಲದ ಬಾಯಿ ಕಟ್ಟಿದಳು. ಗುಮಾಸ್ತ ಕಿಟಕಿ ಎಳೆದ.

ಹೊರಗೆ ಬಂದ ಬೇಯಾ ಕೇಳಿದಳು, "ಸಾಕಾಗತ್ತಾ?"

"ಇಲ್ಲ."

"ಹಾಗಾದ್ರೆ ರೇಡಿಯೋದಲ್ಲಿ ಹೇಳಲ್ಲ."

"ಹೇಳಲ್ಲ," ಎಂದಳು ಶಾದ್ಲಿಯಾ. "ಹಾಜಿ ಮಗ ಮಾತಾಡ್ತಾನೆ. ರಸ್ತೆ, ನೀರು ಅಂತಾನೆ. ನನ್ನ ಮಗಳ ಹೆಸರು ಯಾರ ಬಾಯಲ್ಲೂ ಬರಲ್ಲ. ಹುಟ್ಟೇ ಇರ್ಲಿಲ್ಲ ಅನ್ನೋ ಹಾಗೆ ಹೋಗ್ಬಿಡತ್ತೆ."

ಬೇಯಾ ಗುರುತಿನ ಚೀಟಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಯೊಳಗೆ ಇಟ್ಟುಕೊಂಡಳು. ಬೇರೆ ಕಡೆ ನೋಡುತ್ತ, ಹೇಳಲೋ ಬೇಡವೋ ಎನ್ನುವ ಹಾಗೆ ಹೇಳಿದಳು.

"ನಮ್ಮನೇಲಿ ಬರತ್ತೆ. ದಿನಾ. ಅವನು ಜೈಲಿಂದ ಬಂದ ಮೇಲೆ ಒಂದು ಬೆಳಗ್ಗೆನೂ ಬಿಟ್ಟಿಲ್ಲ. ಗಾಡಿ ಹೊರಡ್ತಿದ್ದ ಹೊತ್ತಿಗೆ ಎದ್ದು ಕೂತು ಐದೂ ಹೆಸರು ಹೇಳಿ ದುವಾ ಮಾಡ್ತಾನೆ. ಜೋರಾಗೇ ಹೇಳ್ತಾನೆ, ನಾವು ಕಿವಿ ಮುಚ್ಕೊಂಡ್ರೂ ಬಿಡಲ್ಲ. ನಿನ್ನ ಮಗಳದ್ದೇ ಮೊದಲು."

ಮಗಳ ಹೆಣ ಎತ್ತುವಾಗಲೂ ಊರ ಮುಂದೆ ಅಳದೆ ನಿಂತಿದ್ದ ಶಾದ್ಲಿಯಾ ಪುರಸಭೆಯ ಮೆಟ್ಟಿಲ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತಳು. ಬೇಯಾ ಅವಳನ್ನು ಮುಟ್ಟಲಿಲ್ಲ. ಒಳ್ಳೆಯ ಉಡುಪು ಕೊಳೆಯಾಗುತ್ತದೆ ಎಂದೂ ನೋಡದೆ ಒಂದು ಮೆಟ್ಟಿಲು ಕೆಳಗೆ ಕೂತಳು. ದೀಪ ಹಚ್ಚುವ ಹೊತ್ತಾಗುತ್ತಿತ್ತು, ರಸ್ತೆಯಲ್ಲಿ ಜನ ಮನೆಗೆ ಹೋಗುತ್ತಿದ್ದರು.

ಬಹಳ ಹೊತ್ತಿನ ಮೇಲೆ ಶಾದ್ಲಿಯಾ ಮೂಗೊರೆಸಿಕೊಂಡು, "ಎಷ್ಟು ಹೊತ್ತಿಗೆ ಹೇಳ್ತಾನೆ?" ಎಂದು ಕೇಳಿದಳು.

"ಬೆಳಗಿನ ಬಾಂಗಿಗೆ ಮುಂಚೆ."

"ಬೀದಿಗೆ ಕೇಳತ್ತಾ?"

"ಕಿಟಕಿ ಹತ್ರ ನಿಂತ್ರೆ ಕೇಳತ್ತೆ," ಎಂದಳು ಬೇಯಾ.